ಮೆಟ್ಟಿಲ ಕೆಳಗಿನ ಉಸಿರು

ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಹೊಟ್ಟೆಯೊಳಗೆ ಇಟ್ಟುಕೊಂಡರೆ ಮುಂದಿನ ಒಂದು ಸಾಲೂ ನೆಟ್ಟಗೆ ಬರುವುದಿಲ್ಲ. ತಲೆ ತುಂಬ ಕೂದಲು, ನನ್ನದೇ ಮೊಂಡು ಮೂಗು. ಮೂಗಿನ ವಿಷಯಕ್ಕೆ ಮಗಳು ಕೊಂಚ ಬೇಜಾರು ಮಾಡಿಕೊಂಡಳು, ನಾನು ಮಾಡಿಕೊಳ್ಳಲಿಲ್ಲ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಾಗದ ಬರೆದರೆ ‘ನಾವೆಲ್ಲ ಕ್ಷೇಮ’ ಎಂಬಲ್ಲಿಗೇ ಮುಗಿಯುತ್ತಿತ್ತು. ಈಗ ಇಷ್ಟುದ್ದ ಬರೆಯಲು ಕೂತಿರುವುದಕ್ಕೆ ಸಂತೋಷ ಒಂದು ಕಾರಣ. ಅವಳು ಹುಟ್ಟಿದ ದಿನ, ಹಾಡಹಗಲಲ್ಲಿ, ಬೀಗ ಹಾಕಿದ ಮನೆಯೊಳಗೆ ನನ್ನ ಜತೆ ಇನ್ನೊಂದು ಏನೋ ಉಸಿರಾಡುತ್ತಿದ್ದುದು ಇನ್ನೊಂದು ಕಾರಣ.

ಬಾಣಂತನಕ್ಕೆಂದು ಮೈಸೂರಿನಿಂದ ಏಪೆಕ್ಸ್ ಎಂಬ ಊರಿಗೆ, ಮಗಳ ಮನೆಗೆ ಬಂದು ಮೂರು ವಾರವಾಗಿತ್ತು. ಅಮೆರಿಕದ ಮನೆಗಳು ಸುಮ್ಮನಿರುವ ಜಾತಿಯಲ್ಲ. ಹೀಟರ್ ಗೋಡೆಯೊಳಗಿಂದ ನಿಟ್ಟುಸಿರು ಬಿಡುತ್ತದೆ, ಫ್ರಿಜ್ ಗೊಣಗುತ್ತದೆ, ಮರದ ನೆಲ ಯಾರೂ ನಡೆಯದಿದ್ದರೂ ಲಟಕ್ಕೆನ್ನುತ್ತದೆ. ಮೊದಲ ವಾರ ಒಂದೊಂದಕ್ಕೂ ಎದ್ದು ಹೋಗಿ ನೋಡುತ್ತಿದ್ದೆ. ಆಮೇಲೆ ಎಲ್ಲದರ ಗುರುತೂ ಸಿಕ್ಕಿತು. ಸಿಗದೆ ಉಳಿದದ್ದು ಮೆಟ್ಟಿಲ ಕೆಳಗಿನ ಕ್ಲಾಸೆಟ್, ಅಂದರೆ ಸಾಮಾನಿಡುವ ಪುಟ್ಟ ಕೋಣೆ, ಒಂದೇ. “ಅತ್ತೆ, ಅದೊಂದು ಮಾತ್ರ ಓಪನ್ ಮಾಡ್ಬೇಡಿ, ಆಫೀಸ್ ಸಾಮಾನಿದೆ” ಎಂದು ಅಳಿಯ ನಾಗೇಶ್ ನಾನು ಬಂದ ದಿನವೇ ಹೇಳಿದ್ದರು. ಅಳಿಯಂದಿರ ಮಾತು, ನಾನು ಬಾಗಿಲು ಮುಟ್ಟಲಿಲ್ಲ. ಆದರೆ ಒಂದು ಶನಿವಾರ ಮಗಳು ಶುಭಾಳ ಜತೆ ಮಗುವಿನ ಬಟ್ಟೆ ತರಲು ಹೋಗಿ ಬರುವಷ್ಟರಲ್ಲಿ ಸಕ್ಕರೆ ಡಬ್ಬಿಯಲ್ಲಿ ಎರಡು ಹಿಡಿ ಕಮ್ಮಿಯಾಗಿತ್ತು, ದೊಡ್ಡ ಪಾತ್ರೆ ತೊಳೆದು ಕವುಚಿತ್ತು, ಮನೆಯೆಲ್ಲ ಹುಳಿಹುಳಿ ವಾಸನೆ. ಕೇಳಿದರೆ ಅಳಿಯಂದಿರು, “ನಂಗೇನೂ ಸ್ಮೆಲ್ ಬರ್ತಿಲ್ವಲ್ಲ ಅತ್ತೆ” ಎನ್ನುತ್ತಲೇ ಕಿಟಕಿ ತೆಗೆದರು. ಕೊರೆಯುವ ಚಳಿಯಲ್ಲಿ, ಹೀಟರ್ ಹಾಕಿಕೊಂಡು, ಕಿಟಕಿ.

ನಾಲ್ಕು ದಿನ ಕಳೆದು ಬೆಳಿಗ್ಗೆ ಶುಭಾಳಿಗೆ ನೋವು ಶುರುವಾಯಿತು. ಹೊರಗೆ ಬೀಳುತ್ತಿದ್ದ ಮಳೆ ಬಿದ್ದಲ್ಲೇ ಹೆಪ್ಪುಗಟ್ಟುತ್ತಿತ್ತು. “ಈ ಐಸಲ್ಲಿ ನೀನು ಜಾರಿಬಿದ್ರೆ ಯಾರು ನೋಡ್ಕೊಳ್ಳೋದಮ್ಮ? ಅಪ್ಪ ಮೈಸೂರಿಂದ ಫೋನ್ ಮಾಡಿದ್ರೆ ಎತ್ತೋರೂ ಬೇಕಲ್ಲ” ಎಂದು ನನ್ನನ್ನು ಬಿಟ್ಟು ಇಬ್ಬರೂ ಆಸ್ಪತ್ರೆಗೆ ಹೊರಟರು. ಕಿಟಕಿಯಾಚೆ ಒಂದೊಂದು ಕೊಂಬೆಗೂ ಗಾಜು ಸುತ್ತಿದಂತಿತ್ತು. ಹತ್ತು ಗಂಟೆಗೇ ಮುಸ್ಸಂಜೆಯ ಬೆಳಕು. ದೂರದಲ್ಲೆಲ್ಲೋ ಕೊಂಬೆ ಮುರಿದ ಸದ್ದಾಯಿತು, ಹಿಂದೆಯೇ ಕರೆಂಟ್ ಹೋಯಿತು. ಹೀಟರ್ ನಿಂತಿತು, ಫ್ರಿಜ್ ನಿಂತಿತು. ಗುರುತಿದ್ದ ಸದ್ದುಗಳೆಲ್ಲ ಒಟ್ಟಿಗೇ ಎದ್ದು ಹೋದ ಮೇಲೆ ಗುರುತಿಲ್ಲದ್ದೊಂದು ಉಳಿಯಿತು.

ಉಸ್ಸ್. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಉಸ್ಸ್.

ನಾನು ನಡೆದರೆ ಅದು ನಿಲ್ಲುತ್ತಿತ್ತು, ನಾನು ನಿಂತರೆ ಶುರುವಾಗುತ್ತಿತ್ತು. ಕೊನೆಗೆ ಅಳಿಯಂದಿರ ಮಾತು ಮೀರಿ ಕ್ಲಾಸೆಟ್ ಬಾಗಿಲು ತೆಗೆದೆ. ಒಳಗೆ ಕತ್ತಲು. ಎರಡು ವರ್ಷದ ಮಗುವೊಂದು ಕಂಬಳಿ ಹೊದ್ದು, ಗೋಡೆಗೆ ಮುಖ ಮಾಡಿ ನಿಂತಿತ್ತು. ಎಷ್ಟು ಹೊತ್ತು ಹಾಗೇ ನೋಡಿದೆನೋ. ಬೆರಳ ತುದಿಯಲ್ಲಿ ಕಂಬಳಿ ಎಳೆದೆ. ಮುಖವೇ ಇರಲಿಲ್ಲ. ನುಣ್ಣನೆಯ ಸ್ಟೀಲಿನ ಮೈ, ನೆತ್ತಿಯ ಮೇಲೊಂದು ಮುಚ್ಚಳ, ಮುಚ್ಚಳಕ್ಕೆ ಎರಡು ಪುಟ್ಟ ಕಾಲಿನ ಕಬ್ಬಿಣದ ಹಿಡಿ. ಅಂಗೈ ಹಿಡಿದರೆ ತಣ್ಣನೆಯ ಉಸಿರು ತಗುಲಿತು.

ಅಲ್ಲಿ ನನ್ನ ಮಗಳು ಒದ್ದಾಡುತ್ತಿದ್ದಾಳೆ, ಇಲ್ಲಿ ಇದು ಉಸಿರು ಬಿಡುತ್ತ ಕಾಯುತ್ತಿದೆ. ಹುಟ್ಟುವ ಮಗು ಈ ಮನೆಗೇ ಬರಬೇಕು. ನನಗೆ ತಿಳಿದಿದ್ದ ಉಪಾಯ ಒಂದೇ, ನಮ್ಮಮ್ಮ ಮಾಡುತ್ತಿದ್ದದ್ದು. ತೊಟ್ಟಿಲಿಗೆಂದು ಊರಿನಿಂದ ತಂದಿದ್ದ ನೂಲನ್ನು ಅರಿಶಿನದಲ್ಲಿ ಅದ್ದಿದೆ. ಹಿಡಿಯ ಒಂದೊಂದು ಕಾಲಿಗೂ ಏಳೇಳು ಸುತ್ತು ಬಿಗಿದೆ. ಸಾಲದೆನಿಸಿ ಮತ್ತೆ ಏಳು. ಆಮೇಲೆ ಇದ್ದ ಶಕ್ತಿಯನ್ನೆಲ್ಲ ಹಾಕಿ ಹಿಡಿಯನ್ನು ಒತ್ತಿದೆ. ಟಕ್ಕೆಂದು ಕೂತಿತು. “ಇಲ್ಲಿಂದ ಏಳ್ಕೂಡದು, ನನ್ ಮಗಳ ಕಡೆ ನೋಡ್ಕೂಡದು” ಎಂದೆ. ಈ ದೇಶದ್ದಕ್ಕೆ ಕನ್ನಡ ಬರುತ್ತದೋ ಇಲ್ಲವೋ ಎಂಬ ಅನುಮಾನ ಬಂದು “ಪ್ಲೀಸ್” ಎಂದೂ ಸೇರಿಸಿದೆ.

ಉಸಿರು ನಿಂತಿತು. ಗೋಡೆ ಗಡಿಯಾರದಲ್ಲಿ ಹನ್ನೊಂದೂ ಹತ್ತು.

ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತೇ ಇದ್ದೆ. ಅರ್ಧ ಗಂಟೆಗೆ ಫೋನ್ ಬಂತು. “ಅತ್ತೆ, ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ. ಹನ್ನೊಂದೂ ಹತ್ತಕ್ಕೆ ಹುಟ್ತು.” ನನಗೆ ಅಳು ಬಂತು. ಸಂತೋಷಕ್ಕೆ ಎಂದು ಅಳಿಯಂದಿರು ತಿಳಿದರು. ಮುಕ್ಕಾಲು ಪಾಲು ಸಂತೋಷಕ್ಕೇ.

ಮಧ್ಯಾಹ್ನ ಐಸ್ ಕರಗಿ ಕರೆಂಟ್ ಬಂತು, ಬಿಸಿ ಅನ್ನ, ಮೆಣಸಿನ ಸಾರು ಮಾಡಿದೆ. ನನ್ನನ್ನು ಕರೆದೊಯ್ಯಲು ಬಂದ ನಾಗೇಶ್, ಮಗುವಿನ ಕಾರ್ ಸೀಟ್ ತೆಗೆಯಲು ಅದೇ ಕ್ಲಾಸೆಟ್ ತೆರೆದರು. ತೆರೆದವರು ಅಲ್ಲೇ ನಿಂತರು.

“ಅತ್ತೆ, ಇದೇನಿದು?”

“ಉಸಿರಾಡ್ತಿತ್ತು. ಕಟ್ ಹಾಕಿದೀನಿ. ಬಿಚ್ಬೇಡಿ.”

ಅವರು ಬಗ್ಗಿ ಮುಚ್ಚಳಕ್ಕೆ ಕಿವಿಯಿಟ್ಟು ಕೇಳಿದರು. ಮುಖದಲ್ಲಿ ಬಂದದ್ದು ಭಯವೋ ಭಕ್ತಿಯೋ ನನಗೆ ಗೊತ್ತಾಗಲಿಲ್ಲ.

ಸಂಜೆ ಆಸ್ಪತ್ರೆಯ ಕೋಣೆಯಲ್ಲಿ ಊಟಕ್ಕೆ ಕೂತಾಗ ಒಪ್ಪಿಕೊಂಡರು. ಅದು ಅವರೇ ಮನೆಯಲ್ಲಿ ಮಾಡಿದ ಬಿಯರ್. ಸಕ್ಕರೆ ಪಾಕ ಹಾಕಿ ಆ ಪೀಪಾಯಿಯಲ್ಲಿ ತುಂಬಿ, ಬೆಚ್ಚಗೆ, ಕತ್ತಲಲ್ಲಿ, ಅಲುಗಾಡಿಸದೆ ಎರಡು ವಾರ ಇಟ್ಟರೆ ಒಳಗೇ ಗ್ಯಾಸ್ ಹುಟ್ಟಿ ಹದಕ್ಕೆ ಬರುತ್ತದಂತೆ. ಮಗು ಹುಟ್ಟಿದ ಖುಷಿಗೆ ಸ್ನೇಹಿತರಿಗೆ ಕೊಡಲೆಂದು ಇಟ್ಟದ್ದು. “ಲಿಡ್ ಸರಿಯಾಗಿ ಕೂತಿರ್ಲಿಲ್ಲ ಅತ್ತೆ, ಗ್ಯಾಸೆಲ್ಲ ಲೀಕ್ ಆಗ್ತಿತ್ತು. ನಿಮ್ಮ ದಾರ ಹಿಡಿ ಕಾಲಿನ ಕೆಳಗೆ ಸಿಕ್ಕಿ ಟೈಟ್ ಆಗಿ ಸೀಲ್ ಆಗಿದೆ. ಇಲ್ದಿದ್ರೆ ಅಷ್ಟೂ ವೇಸ್ಟ್.”

ಶುಭಾ ಹೊಟ್ಟೆ ಹಿಡಿದುಕೊಂಡಳು. “ನಗಿಸ್ಬೇಡಿ, ನೋಯತ್ತೆ. ನಲವತ್ತು ವರ್ಷ ದೋಸೆಹಿಟ್ಟು ಹುಳಿ ಬರ್ಸಿದೀಯಲ್ಲಮ್ಮ, ವಾಸನೇಲೂ ಗೊತ್ತಾಗ್ಲಿಲ್ವಾ?”

“ನನ್ ಹಿಟ್ಟು ಯಾವತ್ತೂ ಕಂಬಳಿ ಹೊದ್ದು ಗೋಡೆ ಕಡೆ ತಿರುಗಿ ನಿಂತಿಲ್ಲ ಕಣೆ.”

ಹೀಗೆ, ಜನ್ಮದಲ್ಲಿ ಅಂಥದ್ದನ್ನು ಮೂಸಿ ನೋಡದ ನಾನು ಅದರ ಬಾಣಂತನವನ್ನೂ ಮಾಡಿದಂತಾಯಿತು. ಎಲ್ಲ ಸರಿ, ಹನ್ನೊಂದೂ ಹತ್ತಕ್ಕೇ ಏಕೆ ನಿಂತಿತು ಎಂದು ಕೇಳಿದೆ. “ಕೋಇನ್ಸಿಡೆನ್ಸ್ ಅತ್ತೆ” ಎಂದರು ಅಳಿಯಂದಿರು. ನಾಲ್ಕನೇ ಕ್ಲಾಸಿನವರೆಗೆ ಆ ಪಾಠ ಬರುವುದಿಲ್ಲ. ಇನ್ನೊಂದು ಸೌಟು ಸಾರು ಬಡಿಸಿದೆ.

ಆಗ ಮಂಚದ ಪಕ್ಕದ ಗಾಜಿನ ತೊಟ್ಟಿಲಲ್ಲಿ ಕಂಬಳಿ ಹೊದ್ದು ಮಲಗಿದ್ದ ಮಗು, ನಿದ್ದೆಯಲ್ಲೇ ಗೋಡೆ ಕಡೆಗೆ ಮುಖ ತಿರುಗಿಸಿ, ನಿಧಾನವಾಗಿ ಉಸಿರು ಬಿಟ್ಟಿತು. ಉಸ್ಸ್.

ಮೂವರ ಕೈಯೂ ತಟ್ಟೆಯಲ್ಲೇ ನಿಂತಿತು. ಮೊದಲು ನಕ್ಕದ್ದು ಶುಭಾ, ಆಮೇಲೆ ನಾಗೇಶ್. ಎಲ್ಲರೂ ಮತ್ತೆ ಅನ್ನ ಕಲಸಿದರು. ನಾನೂ ನಕ್ಕೆ, ನಾನೂ ಉಂಡೆ. ಎಡಗೈಯಲ್ಲಿ ಮಾತ್ರ, ಯಾರಿಗೂ ಕಾಣದಂತೆ, ಉಳಿದ ದಾರ ಸೆರಗಿನ ಗಂಟಿನಲ್ಲಿ ಇದೆಯೇ ಎಂದು ಮುಟ್ಟಿ ನೋಡಿಕೊಂಡೆ. ಇತ್ತು.