ಮೆಣಸಿನಕಾಯಿ ಬಿಟ್ಟ ಅಂದಾನೆಪ್ಪ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟಿರುವ ಅಂದಾನೆಪ್ಪ ಅರ್ಧ ಡಾಕ್ಟರಿಕೆಯನ್ನು ಫೋನಿನಲ್ಲೇ ಪಾಸು ಮಾಡಿದ್ದ. ಮಾಲು ತಂದ ರೈತರಿಗೆ ಚಾ ತರಿಸಿ, ಜೊತೆಗೆ ತಾನೂ ಒಂದು ಗ್ಲಾಸು ಏರಿಸಿ, ಕೇಳದಿದ್ದರೂ ಪಥ್ಯ ಹೇಳುತ್ತಿದ್ದ. ಮೊಣಕಾಲು ನೋವಿಗೆ ಎಳ್ಳು, ಹೊಟ್ಟೆ ಕಟ್ಟಿದರೆ ಅಂಜೂರ, ನಿದ್ದೆ ಬಾರದವರಿಗೆ ಬಾಳೆಹಣ್ಣು! ಅಂಥ ಧನ್ವಂತರಿಯ ಎದೆಯೇ ಒಂದು ವಾರದಿಂದ ಉರಿಯತೊಡಗಿತ್ತು.

"ಡಾಕ್ಟರಿಗೆ ತೋರಿಸ್ರಿ," ಅಂದಳು ಹೆಂಡತಿ ಪ್ರೇಮವ್ವ.

"ಡಾಕ್ಟರ್ ಯಾಕ? ಬೇರು ನನಗ ಗೊತ್ತೈತಿ. ಇನ್ನ ಹದಿನೈದು ದಿನ ಮೆಣಸಿನಕಾಯಿ ನನ್ನ ನಾಲಿಗಿ ಮುಟ್ಟಂಗಿಲ್ಲ."

ಅಷ್ಟಕ್ಕೇ ಸುಮ್ಮನಿದ್ದರೆ ಅವನು ಅಂದಾನೆಪ್ಪ ಹೇಗಾದಾನು? ಮಾರುಕಟ್ಟೆಯ ನಟ್ಟನಡುವೆ ಮೊಸರನ್ನದ ಡಬ್ಬಿ ಬಿಚ್ಚಿ, ತನ್ನ ಸಂಯಮದ ಮೇಲೆ ಭಾಷಣ ಬಿಗಿದ. ಸುದ್ದಿಗೆ ಕಾಲು ಬಂತು. ಅಂದಾನೆಪ್ಪ ತನ್ನ ಅಂಗಡಿಯ ಕಾಯಿ ತಾನೇ ತಿನ್ನುವುದಿಲ್ಲವಂತೆ, ಅದಕ್ಕೆ ಬಣ್ಣ ಹಾಕಿದ್ದಾರಂತೆ!

ಟೆಂಡರಿನ ದಿನ ಖರೀದಿದಾರರು ಅವನ ರಾಶಿಗಳ ಮುಂದೆ ನಿಂತರು, ಕಾಯಿ ಮುರಿದು ಮೂಸಿದರು, ಮುಂದಕ್ಕೆ ನಡೆದರು. ಒಬ್ಬನೂ ದರ ಬರೆಯಲಿಲ್ಲ. ವರ್ಷದ ಬೆಳೆಯನ್ನೆಲ್ಲ ಕರ್ಜಗಿಯಿಂದ ತಂದಿದ್ದ ಮೈಲವ್ವ ಚೀಲದ ಮೇಲೆ ಕುಸಿದು ಕೂತಳು.

"ಮಾರಾವನ ಬಾಯಿಗೆ ಬ್ಯಾಡಾದ್ದು ಊರ ಮಂದಿಗೆ ಯಾಕ ಬೇಕಪ್ಪಾ?"

ಅಂದಾನೆಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎದ್ದವನೇ ಅವಳ ರಾಶಿಯಿಂದ ಒಂದು ಹಿಡಿ ಕಾಯಿ ತೆಗೆದು, ಎಲ್ಲರೆದುರು ಒಂದೊಂದಾಗಿ ಅಗಿಯತೊಡಗಿದ. ಏಳನೆಯ ಕಾಯಿಗೆ ಕಣ್ಣೀರು ಬಂತು, ಎಂಟನೆಯದಕ್ಕೆ ದರ ಬಂತು. ಮೈಲವ್ವನ ಮಾಲು ಚಂದದ ಬೆಲೆಗೆ ಹೋಯಿತು.

ಬೆಂಕಿಯುಂಡೆಯಾಗಿದ್ದ ಗಂಡನನ್ನು ಪ್ರೇಮವ್ವ ಹಾವೇರಿಯ ಡಾಕ್ಟರ್ ಪದ್ಮಜಾ ಅವರ ಹತ್ತಿರ ಎಳೆದೊಯ್ದಳು. ಮೆಣಸಿನಕಾಯಿಯ ವೀರಗಾಥೆಯನ್ನೆಲ್ಲ ಕೇಳಿದ ಡಾಕ್ಟರ್, "ದಿನಕ್ಕ ಚಾ ಎಷ್ಟು?" ಅಂದರು.

ಲೋಕಕ್ಕೆಲ್ಲ ಪಥ್ಯ ಹೇಳುತ್ತಿದ್ದವನು ಬೆರಳು ಮಡಚಿ ಎಣಿಸತೊಡಗಿದ.

"ಎಷ್ಟು ಮಂದಿ ರೈತರು ಬರ್ತಾರ, ಅಷ್ಟ್ರಿ," ಅಂದಳು ಪ್ರೇಮವ್ವ. "ಸೀಜನ್ನಿನ್ಯಾಗ ಇಪ್ಪತ್ತೈದಕ್ಕ ಮೋಸ ಇಲ್ಲ."

"ಖಾರ ಕಡಿಮಿ ಮಾಡ್ರಿ. ಆದ್ರ ಮೊದಲ ಆ ಚಾ ಬಿಡ್ರಿ."

ಮರುದಿನ ಮೈಲವ್ವ ಅಂಗಡಿಗೆ ಬಂದು, ಖುಷಿಗೆ ತಾನೇ ಚಾ ಹೇಳಿದಳು. ಚಾದಂಗಡಿಯ ಜಹಾಂಗೀರ ತಂದುಕೊಟ್ಟ ಎರಡು ಗ್ಲಾಸುಗಳಲ್ಲಿ ಒಂದನ್ನು ಅವನ ಮುಂದಿಟ್ಟಳು.

ಅಂದಾನೆಪ್ಪ ಈ ಸಲ ಭಾಷಣ ಮಾಡಲಿಲ್ಲ. "ಚಾ ಬಿಟ್ಟೇನವ್ವಾ," ಅಂದ, ಮೆಲ್ಲಗೆ.

ಮೈಲವ್ವ ತನ್ನ ಗ್ಲಾಸನ್ನು ಒಮ್ಮೆ ಮೂಸಿ ನೋಡಿ ಕೆಳಗಿಟ್ಟಳು. "ಯಾಕಪ್ಪಾ, ಇದರಾಗೂ ಬಣ್ಣ ಹಾಕ್ಯಾರೇನು?"

ಕಿಟಲಿ ಹಿಡಿದು ನಿಂತಿದ್ದ ಜಹಾಂಗೀರನ ಕಂಗೆಟ್ಟ ಮುಖ ನೋಡಿ, ಅಂದಾನೆಪ್ಪ ತೆಪ್ಪಗೆ ತನ್ನ ಗ್ಲಾಸು ಎತ್ತಿಕೊಂಡ.