ಗಾಜಿನೊಳಗಿನ ಕೀಲಿ

ಡ್ರಾಯಿಂಗ್ ಮೇಷ್ಟ್ರು ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ ದಿನವೇ ಶಾಲೆಯಲ್ಲಿ ಸಭೆ ನಡೆದುಹೋಯಿತು. ಬಾರದವರ ತಲೆಗೆ ಕೆಲಸ ಕಟ್ಟುವುದು ಆ ಸ್ಟಾಫ್ ರೂಮಿನ ಪದ್ಧತಿ. ಮರುದಿನ ಊದಿದ ಕೆನ್ನೆ ಹಿಡಿದು ಬಂದಾಗ ಅವರು ಪ್ರಥಮ ಚಿಕಿತ್ಸೆಯ ಉಸ್ತುವಾರಿ ಆಗಿಬಿಟ್ಟಿದ್ದರು. ತಮ್ಮದೇ ಹಲ್ಲಿನ ರಕ್ತ ನೋಡಿ ಕುರ್ಚಿಯಲ್ಲೇ ಮೂರ್ಛೆ ಹೋದದ್ದನ್ನು ಯಾರಿಗೂ ಹೇಳಿರಲಿಲ್ಲ.

"ಇವತ್ತು ಹನ್ನೊಂದಕ್ಕೆ ತಪಾಸಣೆ. ಸುಸೂತ್ರವಾಗಿ ಮುಗೀಲಿ, ನಾಳೆಯಿಂದ ಈ ಕೆಲಸ ಗಣಿತದವರಿಗೆ," ಎಂದು ಹೆಡ್ ಮೇಡಂ ಮಾತು ಕೊಟ್ಟರು. ಮೇಷ್ಟ್ರಿಗೆ ಜೈಲಿನ ಗೋಡೆಯಲ್ಲಿ ಬಿರುಕು ಕಂಡಂತಾಯಿತು.

ಹತ್ತೂವರೆಗೆ ಸಂಗೀತದ ಟೀಚರು ಪೆನ್ಸಿಲ್ ಹೆರೆಯುವಾಗ ಬೆರಳು ಕುಯ್ದುಕೊಂಡರು.

"ಅಯ್ಯೋ! ಪಟ್ಟಿ ಕೊಡಿ ಮೇಷ್ಟ್ರೇ!"

ಮೇಷ್ಟ್ರು ಸೂರು ನೋಡುತ್ತಲೇ ಪೆಟ್ಟಿಗೆಯ ಬಳಿ ಓಡಿದರು. ಗೋಡೆಯ ಮೇಲೆ ಗಾಜಿನ ಮುಚ್ಚಳದ ಪೆಟ್ಟಿಗೆ, ಅದಕ್ಕೊಂದು ಬೀಗ. ಕೀಲಿ ಮಾತ್ರ ಮೊಳೆಯಲ್ಲಿ ಇರಲಿಲ್ಲ.

"ಕೀಲಿ ಎಲ್ಲಯ್ಯ?"

ಅಟೆಂಡರ್ ಹೆಮ್ಮೆಯಿಂದ ಮುಂದೆ ಬಂದ. "ತಪಾಸಣೆ ದಿನ ಕಳೆದುಹೋದ್ರೆ ಕಷ್ಟ ಅಂತ ಒಳಗೇ ಇಟ್ಟು ಬೀಗ ಒತ್ತಿದೀನಿ ಸಾರ್. ಅಲ್ನೋಡಿ, ಭದ್ರವಾಗಿದೆ."

ಗಾಜಿನ ಹಿಂದೆ, ಹತ್ತಿಯ ಹಾಸಿಗೆಯ ಮೇಲೆ, ಕೀಲಿ ಮಧ್ಯಾಹ್ನದ ನಿದ್ದೆಯಲ್ಲಿದ್ದಂತಿತ್ತು.

"ಒಡೀರಿ!" ಎಂದರು ಪಿ.ಟಿ. ಮೇಷ್ಟ್ರು.

"ಓರೆಯಾಗಿ ಹೊಡೀಬೇಕು. ಮೂಲೆಯಿಂದ," ಎಂದು ಗಣಿತದವರು ಕುಳಿತಲ್ಲಿಂದಲೇ ಲೆಕ್ಕ ಹೇಳಿದರು.

"ಅಷ್ಟೊತ್ತಿಗೆ ನಾನಿರ್ತೀನೋ ಇಲ್ವೋ!" ಎಂದರು ಸಂಗೀತದ ಟೀಚರು, ಮೇಲಿನ ಷಡ್ಜದಲ್ಲಿ.

ಮೇಷ್ಟ್ರು ಡಸ್ಟರ್ ಎತ್ತಿ, ಕಣ್ಣು ಮುಚ್ಚಿ ಹೊಡೆದರು. ಫಳಾರ್! ಕಣ್ಣು ಬಿಟ್ಟರೆ ಗಾಜಿನ ಜೊತೆ ಅಂಗೈಯೂ ಸೀಳಿತ್ತು. ಕೆಂಪು! ತಾವು ಯಾವ ಬಣ್ಣದ ಡಬ್ಬಿಯಲ್ಲೂ ಕಾಣದ ಕೆಂಪು! ಒದ್ದೆ ಟವಲಿನಂತೆ ಅವರು ನೆಲಕ್ಕೆ ಜಾರಿದರು.

ಎಚ್ಚರವಾದಾಗ ಕಾಲು ಕುರ್ಚಿಯ ಮೇಲಿತ್ತು. ಅಂಗೈಗೆ ದಪ್ಪ ಪಟ್ಟಿ. ಪಿ.ಟಿ. ಮೇಷ್ಟ್ರು ಉಳಿದ ಬಟ್ಟೆಯನ್ನು ಹಾಳು ಮಾಡದೆ ತಲೆಗೂ ಸುತ್ತಿದ್ದರು. ಸಂಗೀತದ ಟೀಚರ ಬೆರಳಲ್ಲಿ ಆಗಲೇ ರಕ್ತ ನಿಂತಿತ್ತು.

"ಬೇಗ ಸಹಿ ಹಾಕಿ!" ಹೆಡ್ ಮೇಡಂ ಚಿಕಿತ್ಸೆಯ ರಿಜಿಸ್ಟರನ್ನು ಮೂಗಿಗೆ ಹಿಡಿದರು. "ತಪಾಸಣೆ ಸಾಹೇಬರ ಜೀಪು ಗೇಟಿಗೆ ಬಂತು. ಪಟ್ಟಿ ಯಾರೇ ಕಟ್ಟಲಿ, ಚಿಕಿತ್ಸೆ ಮಾಡಿದವರ ಜಾಗದಲ್ಲಿ ಉಸ್ತುವಾರಿಯವರ ಸಹಿಯೇ ಇರ್ಬೇಕು. ನಿಯಮ!"

ಮೇಷ್ಟ್ರು ಎದ್ದು ಕುರ್ಚಿಯಲ್ಲಿ ಕೂತು ಎಡಗೈಯಲ್ಲಿ ಗೀಚಿದರು. ಎಂಟು ವರ್ಷ ಖಾಲಿಯಿದ್ದ ರಿಜಿಸ್ಟರಿನ ಮೊದಲ ಸಾಲು ಅದು.

ಸಾಹೇಬರು ಬಂದವರೇ ಕನ್ನಡಕ ಏರಿಸಿ ಓದಿದರು. "ಗಾಯಗೊಂಡವರು, ಡ್ರಾಯಿಂಗ್ ಶಿಕ್ಷಕರು. ಪ್ರಜ್ಞೆ ತಪ್ಪಿತ್ತು. ಚಿಕಿತ್ಸೆ ಮಾಡಿದವರು..." ಅವರ ಬಾಯಿ ತೆರೆದೇ ಉಳಿಯಿತು. "ಡ್ರಾಯಿಂಗ್ ಶಿಕ್ಷಕರು! ಪ್ರಜ್ಞೆ ಇಲ್ಲದೇನೇ ನಿಮಗೆ ನೀವೇ ಪಟ್ಟಿ ಕಟ್ಕೊಂಡ್ರಾ?"

ಹೌದೆಂದರೆ ಸುಳ್ಳು, ಇಲ್ಲವೆಂದರೆ ಸುಳ್ಳು ಸಹಿ. ಹೆಡ್ ಮೇಡಂ ಸಾಹೇಬರ ಬೆನ್ನ ಹಿಂದೆ ಕೈ ಮುಗಿದು ನಿಂತಿದ್ದರು. ನಾಳೆಯಿಂದಂತೂ ಬಿಡುಗಡೆ ಎಂದುಕೊಂಡು ಮೇಷ್ಟ್ರು ತಲೆಯಾಡಿಸಿದರು.

"ಎಷ್ಟು ಶಾಲೆ ನೋಡಿದೀನಿ! ಎಲ್ಲಾ ಕಡೆ ಬೀಗ, ಖಾಲಿ ರಿಜಿಸ್ಟರ್. ಇಂಥಾ ಧೀರನನ್ನ ನೋಡಿರ್ಲಿಲ್ಲ!" ಸಾಹೇಬರು ಅಲ್ಲೇ ಕೂತು ಆದೇಶ ಬರೆದರು. "ನಿವೃತ್ತಿ ಆಗೋವರೆಗೆ ಉಸ್ತುವಾರಿ ಇವರದೇ. ಎಲ್ಲ ಶಾಲೆಯವರಿಗೂ ಇವರೇ ತರಬೇತಿ ಕೊಡಬೇಕು. ಸೋಮವಾರ ಆಸ್ಪತ್ರೆಯಲ್ಲಿ ಮೊದಲ ಪ್ರಾತ್ಯಕ್ಷಿಕೆ. ನಿಜವಾದ ಗಾಯ, ನಿಜವಾದ ರಕ್ತ!"

ಮೇಷ್ಟ್ರ ಕಣ್ಣು ಮೇಲಕ್ಕೆ ಹೊರಳಿತು. ಕುರ್ಚಿಯಿಂದ ಮೆಲ್ಲಗೆ ಜಾರಿ ನೆಲದ ಮೇಲೆ ಉದ್ದಕ್ಕೆ ಚಾಚಿಕೊಂಡರು.

ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಯಾರೂ ಮುಟ್ಬೇಡಿ! ಪಟ್ಟಿ ಹೇಗೆ ಕಟ್ಕೋತಾರೆ ನೋಡೋಣ."