ಮಣೆ ಬೇಸ್ ಮಾಡಿದ್ದು

ಮೂವತ್ತು ಇಂಚಿನ ವಿಷಯವಾಗಿ ನನಗೂ ನನ್ನ ಹೆಂಡತಿ ನಾಗರತ್ನಳಿಗೂ ಆರು ವರ್ಷಗಳಿಂದ ಭಿನ್ನಾಭಿಪ್ರಾಯವಿದೆ. ಇದಕ್ಕಿಂತ ಚಿಕ್ಕ ಅಳತೆಗೆ ಸಂಸಾರ ಮುರಿದುಕೊಂಡವರಿದ್ದಾರೆ. ಆದ್ದರಿಂದ ಯಾರೂ ಇದನ್ನು ಹಗುರವಾಗಿ ಕಾಣಬಾರದೆಂದು ಸವಿನಯ ಪ್ರಾರ್ಥನೆ.

ನಾನು ಕೊಟ್ಟೂರಿನಲ್ಲಿ ಹೈಸ್ಕೂಲಿನ ಕ್ರಾಫ್ಟ್ ಮಾಸ್ತರ. ಬಿಡುವಿನಲ್ಲಿ ಬೇಸ್ ಗಿಟಾರ್ ಕಟ್ಟುತ್ತೇನೆ. ಬೇಸ್ ಎಂದರೆ ನಾಲ್ಕೇ ದಪ್ಪ ತಂತಿಗಳ ಗಿಟಾರು. ಆರ್ಕೆಸ್ಟ್ರಾದಲ್ಲಿ ಹಿಂದೆ ನಿಂತು ಘುಂ ಘುಂ ಎನ್ನುತ್ತದೆ. ಅದು ಇದ್ದಾಗ ಯಾರೂ ಗಮನಿಸುವುದಿಲ್ಲ, ಇಲ್ಲದಿದ್ದಾಗ ಹಾಡು ಬೋಳುಬೋಳು ಅನ್ನಿಸುತ್ತದೆ. (ಗಂಡಂದಿರ ಹಾಗೆ, ಎಂದು ನಾಗರತ್ನಳಿಗೆ ಒಮ್ಮೆ ವಿವರಿಸಿದ್ದೆ. ಮೊದಲ ಭಾಗವನ್ನು ಅವಳು ಒಪ್ಪಿಕೊಂಡಳು.) ಅಂಗಡಿಯಲ್ಲಿ ಸಿಗುವ ಬೇಸಿನಲ್ಲಿ ತಂತಿ ಮಿಡಿಯುವ ಉದ್ದ ಮೂವತ್ತನಾಲ್ಕು ಇಂಚು. ನನ್ನ ಬೆರಳುಗಳು ಗಿಡ್ಡ. ಹಾಗಾಗಿ ಮೂವತ್ತು ಇಂಚಿನ ಗಿಡ್ಡ ಬೇಸ್ ಕಟ್ಟುವುದನ್ನು ನಾನೇ ಕಲಿತೆ. ಮೊದಲನೆಯದು ಹುಣ್ಣಿಮೆಯಿಂದ ಅಮಾವಾಸ್ಯೆಯೊಳಗೆ ಬಿಲ್ಲಿನಂತೆ ಬಾಗಿತು. ಎರಡನೆಯದಕ್ಕೆ ನಮ್ಮ ಬೀರುವಿನ ಬಾಗಿಲು ಹೋಯಿತು. ಆರನೆಯದು ಚೆನ್ನಾಗಿಯೇ ನುಡಿಯುತ್ತದೆ, ಆದರೆ ಜೋಳದ ಚೀಲದ ಹಿಂದೆ ಇರುವುದರಿಂದ ಜೋಳ ಮುಗಿಯುವವರೆಗೂ ಕೈಗೆ ಸಿಗುವುದಿಲ್ಲ.

ನನ್ನ ನಿಜವಾದ ದುಃಖ ಇದಲ್ಲ. ನಮ್ಮ ಸೀಮೆಯಲ್ಲಿ ‘ಬೇಸ್’ ಎಂದರೆ ಚೆನ್ನಾಗಿ ಎಂದರ್ಥ. ಊಟ ಬೇಸ್ ಐತಿ, ಮಳಿ ಬೇಸ್ ಆತು. ಮನೆಗೆ ಬಂದವರ ಮುಂದೆ ನಾನು ವಾದ್ಯ ಹಿಡಿದು, ಎದೆಯುಬ್ಬಿಸಿ, ‘ಇದು ಬೇಸ್’ ಎಂದರೆ ಅವರು ‘ಹೌದ್ರಿ, ಬೇಸ್ ಐತಿ. ಆದ್ರ ಏನಿದು?’ ಎನ್ನುತ್ತಾರೆ. ಒಬ್ಬನಾದರೂ ನೋಡಿದ ಕೂಡಲೇ ತಾನಾಗಿ ಗುರುತಿಸಿ ‘ಬೇಸ್ ಗಿಟಾರ್ ಅಲ್ಲೇನ್ರಿ’ ಎನ್ನಬೇಕು. ಅದೊಂದು ಮಾತಿಗಾಗಿ ನಾನು ಆರು ವರ್ಷ ಕಾದಿದ್ದೇನೆ.

ಕಳೆದ ತಿಂಗಳು ನಾಗರತ್ನಳ ಅಕ್ಕ ಜಂಬಕ್ಕನ ಮಗಳು ರೇಖಾಳ ಮದುವೆ, ಹಡಗಲಿಯಲ್ಲಿ. ನಾಗರತ್ನ ಹತ್ತು ದಿನ ಮೊದಲೇ ಹೊರಟಳು. ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ ಅವಳು ಹೇಳಿದ ಮಾತನ್ನು ಅಕ್ಷರ ಬಿಡದೆ ಬರೆಯುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ.

‘ಅಟ್ಟದ ಮ್ಯಾಲ ನಮ್ಮವ್ವನ ಮಣಿ ಐತಲ್ಲ, ಅದನ್ನ ಬೇಸ್ ಮಾಡಿ ತಗಂಬರ್ರಿ. ಎಲ್ಲರ ಮುಂದ ಇಡ್ಬೇಕು.’

ಬಸ್ಸು ಹೋಯಿತು. ನಾನು ನಿಂತಲ್ಲೇ ನಿಂತೆ. ನನ್ನ ಕಣ್ಣು ತುಂಬಿ ಬಂತು ಎಂದರೆ ನಂಬಬೇಕು. ಆ ಮಣೆ ನನಗೆ ಗೊತ್ತಿತ್ತು: ಒಂದೂವರೆ ಇಂಚು ದಪ್ಪದ ಒಂದೇ ಹೊನ್ನೆ ಹಲಗೆ, ಮೂರು ತಲೆಮಾರು ಒಣಗಿದ್ದು. ಒಂದು ಕಾಲು ಕಿತ್ತುಬಂದಿದ್ದರಿಂದ ಅಟ್ಟ ಸೇರಿತ್ತು. ಎರಡು ವರ್ಷದ ಹಿಂದೆ ಅದನ್ನು ಬೆರಳಲ್ಲಿ ತಟ್ಟಿ ನೋಡಿದ್ದೆ; ಘುಂ ಎಂದಿತ್ತು. ಆವತ್ತು ನಾಗರತ್ನ ಆಡಿದ ಮಾತಿಗೆ ಹೆದರಿ ಮತ್ತೆ ಅದರ ಕಡೆ ತಲೆಯೆತ್ತಿ ನೋಡಿರಲಿಲ್ಲ. ಅಂಥವಳು ಈಗ ತಾನಾಗಿಯೇ, ಹೆತ್ತ ತಾಯಿಯ ಮಣೆಯನ್ನು ನನ್ನ ಕಲೆಗೆ ಧಾರೆ ಎರೆದಿದ್ದಳು.

ಅಷ್ಟೂ ದಿನ ನಾನು ಊಟ ನಿದ್ರೆಯ ಕಡೆ ಗಮನ ಕೊಡಲಿಲ್ಲ. ಕಾಲುಗಳನ್ನು ಬಿಚ್ಚಿದೆ. ಒಂದಕ್ಕೆ ಗೆದ್ದಲು ಹಿಡಿದಿತ್ತು, ನಾಲ್ಕನ್ನೂ ಬಚ್ಚಲ ಒಲೆಗೆ ಹಾಕಿದೆ. ಹಲಗೆಯ ಸೊಂಟ ಕೊರೆದೆ, ಮೇಲೆ ಎರಡು ಕೊಂಬು ಬಿಡಿಸಿದೆ, ತಂತಿಯ ಸದ್ದು ಹಿಡಿಯುವ ಸಾಧನ ಕೂರಿಸಲು ನಡುವೆ ಗುಣಿ ತೋಡಿದೆ. ಬೇಸಿನ ಕತ್ತಿಗೆ, ಅಂದರೆ ಬೆರಳಾಡಿಸುವ ಉದ್ದನೆಯ ಹಿಡಿಗೆ, ಚಿಂತೆಯಿರಲಿಲ್ಲ. ಎಂಟು ತಿಂಗಳಿಂದ ತೇಗದಲ್ಲಿ ಕೆತ್ತಿ, ಉಜ್ಜಿ, ಬಿಳಿ ಲೋಹದ ಅಡ್ಡಗೆರೆ ಕೂರಿಸಿಟ್ಟ ಕತ್ತೊಂದಿತ್ತು. ತಕ್ಕ ಮೈ ಸಿಗದೆ ಕನ್ಯಾಕುಮಾರಿಯಂತೆ ಕಾಯುತ್ತಿತ್ತು. ನಾಲ್ಕು ಸ್ಕ್ರೂ ಬಿಗಿದು, ತಂತಿ ಏರಿಸಿ ಮಿಡಿದೆ. ಆ ನಾದ ಕಿವಿಗೆ ಬರಲಿಲ್ಲ, ನೇರವಾಗಿ ಎದೆಗೆ ಬಂತು. ನನ್ನ ಬಾಳಿನಲ್ಲಿ ಅದಕ್ಕಿಂತ ಒಳ್ಳೆಯದನ್ನು ನಾನು ಮಾಡಿಲ್ಲ.

ಅರಿಷಿಣದ ದಿನ ಬೆಳಗ್ಗೆ ಹಡಗಲಿ ತಲುಪಿದೆ. ನಾಗರತ್ನ ಬಾಗಿಲಲ್ಲೇ ಕಾಯುತ್ತಿದ್ದಳು. ಕುಶಲ ಕೇಳುವ ಮೊದಲು ‘ಮಣಿ ತಂದೀರೇನು?’ ಎಂದಳು. ನಾನು ಗಂಭೀರವಾಗಿ ಅವಳನ್ನು ಹಿತ್ತಲ ಕೋಣೆಗೆ ಕರೆದೊಯ್ದು, ಚಾದರದ ಗಂಟು ಬಿಚ್ಚಿದೆ.

ಅವಳು ಅದನ್ನು ನೋಡಿದಳು. ನನ್ನನ್ನು ನೋಡಿದಳು. ಮತ್ತೆ ಅದನ್ನು ನೋಡಿದಳು.

‘ಮಣಿ ಎಲ್ಲೈತಿ?’

‘ಇದೇ ಮಣಿ. ನೀನೇ ಹೇಳಿದ್ಯಲ್ಲ, ಬೇಸ್ ಮಾಡ್ರಿ ಅಂತ.’

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಒಂದು ದಾರಿಯಿತ್ತು. ಕೆಳಗೆ ಕೂತು, ಮಣೆಯ ಅಂಚನ್ನು ಸವರುತ್ತ ಸಣ್ಣ ದನಿಯಲ್ಲಿ ಹೇಳಿದಳು, ‘ನಮ್ಮವ್ವ ಇದರ ಮ್ಯಾಲ ಕುಂತು ಅರಿಷಿಣ ಹಚ್ಚಿಸಿಕಂಡಾಳ. ಅಕ್ಕ ಕುಂತಾಳ. ನಾನೂ ಕುಂತೀನಿ. ಕಾಲು ಮುರದೈತಿ, ಬೇಸ್ ಮಾಡ್ರಿ ಅಂದ್ರ ರಿಪೇರಿ ಮಾಡ್ರಿ ಅಂತ ಕೊಟ್ಟೂರಾಗ ಹಸುಗೂಸಿಗೂ ಗೊತ್ತೈತಿ.’

ಗೊತ್ತಿದೆ. ನನಗೂ ಗೊತ್ತಿತ್ತು. ಆರು ವರ್ಷ ಒಂದೇ ಅರ್ಥದಲ್ಲಿ ಮುಳುಗಿದ್ದವನಿಗೆ ಇನ್ನೊಂದು ಅರ್ಥ ಹೊಳೆಯಲಿಲ್ಲ ಅಷ್ಟೇ. ಹೊರಗೆ ಹೆಂಗಸರು ಮದುಮಗಳನ್ನು ಕರೆಯುತ್ತಿದ್ದರು. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದೆ. (ಅದಿಲ್ಲದೆ ನಾನು ಮದುವೆಗೆ ಹೋಗುವುದಿಲ್ಲ.) ತಂತಿ ಬಿಚ್ಚಿದೆ, ಗುಣಿಯ ಸಾಧನ ಕಿತ್ತೆ, ಕತ್ತು ಬಿಚ್ಚಿದೆ. ಮತ್ತೆ ಹಲಗೆಯೇನೋ ಹಲಗೆಯಾಯಿತು. ಕಾಲು ಎಲ್ಲಿಂದ ತರುವುದು? ನಾಗರತ್ನ ನನ್ನ ಕೈಯಲ್ಲಿದ್ದ ಕತ್ತಿನ ಕಡೆ ನೋಡಿದಳು.

ಪಕ್ಕದ ಮನೆಯಿಂದ ಗರಗಸ ತಂದೆ. ಎಂಟು ತಿಂಗಳ ತೇಗದಲ್ಲಿ ನಾಲ್ಕು ಗಿಡ್ಡ ತುಂಡು ಕೊಯ್ದೆ. ಅಷ್ಟು ಹೊತ್ತೂ ನಾಗರತ್ನ ಇನ್ನೊಂದು ತುದಿ ಅಲುಗದಂತೆ ಹಿಡಿದುಕೊಂಡಿದ್ದಳು. ಮೂರನೆಯ ತುಂಡು ಬಿದ್ದಾಗ ನನ್ನ ಮುಖ ನೋಡಿ, ‘ಸಾವಕಾಶ ಕೊಯ್ರಿ,’ ಎಂದಳು. ಕತ್ತಿನ ಸ್ಕ್ರೂಗಳಿಂದಲೇ ನಾಲ್ಕನ್ನೂ ಹಲಗೆಯ ಕೆಳಗೆ ಬಿಗಿದೆ. ಆಮೇಲೆ ಅವಳು ಎದ್ದು ಸೀರೆಯ ಹೊಟ್ಟು ಕೊಡವಿ ಅಪ್ಪಣೆ ಮಾಡಿದಳು: ‘ಇನ್ನ ಮ್ಯಾಲ ಇದು ಮಣಿ. ಹುಟ್ಟಿದಾಗಿಂದ ಮಣಿ. ಯಾರ ಮುಂದನೂ ಬ್ಯಾರೆ ಮಾತು ಆಡಬ್ಯಾಡ್ರಿ.’ ನಾನು ಅವಳ ಕೈ ಮೇಲೆ ಕೈ ಇಟ್ಟು ಆಣೆ ಮಾಡಿದೆ.

ಚಪ್ಪರದಲ್ಲಿ ರೇಖಾ ಮಣೆಯ ಮೇಲೆ ಕೂತಳು. ಮಣೆ ಅಲುಗಲಿಲ್ಲ. ಮನೆಗೆಲ್ಲ ಹಿರಿಯಳಾದ ಭರಮಮ್ಮಜ್ಜಿ ಬಗ್ಗಿ ನೋಡಿ, ಮಣೆಗೆ ಕೊಂಬು ಯಾಕೆ ಬಂದಿವೆ ಎಂದು ವಿಚಾರಿಸಿದಳು. ಏಳುವಾಗ ಹಿಡಿದುಕೊಳ್ಳಲು, ಎಂದಳು ನಾಗರತ್ನ ತಡವರಿಸದೆ. ನಡುವೆ ಗುಣಿ? ಅರಿಷಿಣದ ಬಟ್ಟಲು ಉರುಳದಂತೆ ಇಡಲು. ಕಾಲಿನ ಮೇಲೆ ಮಿರುಗುವ ಗೆರೆ? ಅದು ಅಳಿಯನ, ಅಂದರೆ ನನ್ನ, ಕುಸುರಿ ಕೆಲಸ. ಅಜ್ಜಿ ಗೆರೆಗಳ ಮೇಲೆ ಬೆರಳಾಡಿಸಿ, ‘ಭಾಳ ಬೇಸ್ ಆಗೈತಿ,’ ಎಂದಳು. ಅಲ್ಲಿಯೇ ಮೂರು ಮನೆಯವರು ತಮಗೂ ಇಂಥದೇ ಮಣೆ ಬೇಕೆಂದು ನನಗೆ ಹೇಳಿದರು. ಮಾಡಿಕೊಡುತ್ತಾರೆ, ಬಿಡುವು ಬೇಕಾದಷ್ಟಿದೆ, ಎಂದು ನನ್ನ ಪರವಾಗಿ ನಾಗರತ್ನ ಒಪ್ಪಿಕೊಂಡಳು.

ಆಗ ಬಂದ, ಸಂಜೆಯ ಆರ್ಕೆಸ್ಟ್ರಾಕ್ಕೆ ಹರಪನಹಳ್ಳಿಯಿಂದ ಬಂದಿದ್ದ ಓಬಳೇಶ್ ಎಂಬಾತ. ಕೈಯಲ್ಲಿ ಉಪ್ಪಿಟ್ಟಿನ ತಟ್ಟೆ. ಹೆಗಲಲ್ಲಿ ಉದ್ದನೆಯ ಕರಿ ಚೀಲ. ಒಳಗಿದ್ದದ್ದು ಮೂವತ್ತನಾಲ್ಕು ಇಂಚಿನ ಬೇಸ್, ನೋಡಿದರೇ ತಿಳಿಯುತ್ತಿತ್ತು. ಮಣೆಯ ಮುಂದೆ ಹಾದುಹೋಗುತ್ತಿದ್ದವನು ನಿಂತ. ಕೊಂಬು ನೋಡಿದ. ಸೊಂಟ ನೋಡಿದ. ಬಗ್ಗಿ ಕಾಲಿನ ಗೆರೆಗಳನ್ನು ಎಣಿಸಿದ. ತಟ್ಟೆ ಕೆಳಗಿಟ್ಟು ನನ್ನ ಹತ್ತಿರ ಬಂದು, ಭಕ್ತಿಯಿಂದ ಕೇಳಿದ:

‘ಸರ್, ಇದು ಬೇಸ್ ಗಿಟಾರ್ ಅಲ್ಲೇನ್ರಿ? ಗಿಡ್ಡ ಸೈಜಿಂದು? ಕೈ ಕೆಲಸ ಅಪರೂಪದ್ದೈತಿ. ಯಾರ್ರಿ ಕಟ್ಟಿದ್ದು?’

ಆರು ವರ್ಷ ಕಾದ ಮಾತು. ಒಂದಕ್ಷರವೂ ಕಡಿಮೆಯಿರಲಿಲ್ಲ. ಗಂಟಲವರೆಗೆ ಬಂದದ್ದನ್ನು ಹಿಡಿದುಕೊಂಡು ಪಕ್ಕಕ್ಕೆ ನೋಡಿದೆ. ನಾಗರತ್ನ ಅರಿಷಿಣದ ಕೈಯನ್ನು ಹಾಗೇ ಎತ್ತಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

‘ಅಲ್ಲಪ್ಪಾ,’ ಎಂದೆ. ‘ಮಣಿ.’

ಅವನು ನಂಬಲಾರದೆ ಇನ್ನೊಮ್ಮೆ ಮಣೆ ನೋಡಿ, ತಟ್ಟೆ ಎತ್ತಿಕೊಂಡು ಹೋದ. ನಾಗರತ್ನ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು:

‘ಬೇಸ್ ಹೇಳಿದ್ರಿ.’